ಬಾತ್ಮೀದಾರನ ಮೊದಲ ಪಾಠ

ಬೆಳಗಾಗುತ್ತಲೇ ಕಾಫಿಯ ಲೋಟದೊಡನೆ ವೃತ್ತಪತ್ರಿಕೆಯನ್ನು ಕೈಗೆ ತೆಗೆದುಕೊಳ್ಳುವ ಗೃಹಸ್ಥರು, ಅದರ ಒಂದು ಮೂಲೆಯಲ್ಲಿ ನಾಲ್ಕೇ ಸಾಲಾಗಿ ಅಚ್ಚಾಗಿರುವ ಬಾತ್ಮಿಯನ್ನು ತಂದವನು ಯಾರು, ತರುವುದಕ್ಕಾಗಿ ಅವನು ಯಾರ ಮನೆಯ ಬಾಗಿಲು ತಟ್ಟಿದನು ಎಂದು ಯೋಚಿಸುವುದು ಅಪೂರ್ವ. ಯೋಚಿಸಬೇಕಾದ ಅಗತ್ಯವೂ ಅವರಿಗೆ ಸಾಮಾನ್ಯವಾಗಿ ಬೀಳುವುದಿಲ್ಲ. ಆದರೆ ಈಗ ಅನೇಕ ಮನೆಗಳ ಹುಡುಗರೂ ಹುಡುಗಿಯರೂ ಕಾಲೇಜಿನಲ್ಲಿ ಪತ್ರಿಕೋದ್ಯಮವನ್ನೇ ವಿಷಯವಾಗಿ ತೆಗೆದುಕೊಂಡು ಓದುತ್ತಿದ್ದಾರೆ. ಆ ವಿದ್ಯೆಯಲ್ಲಿ ಪುಸ್ತಕದಿಂದ ಬರುವ ಭಾಗವೆಷ್ಟು, ತಪ್ಪು ಮಾಡಿ ಕಲಿಯುವ ಭಾಗವೆಷ್ಟು ಎಂಬುದನ್ನು ನಮ್ಮ ಸ್ವಂತ ಅನುಭವದಿಂದ ವಾಚಕರಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ.

ನಮ್ಮ ಊರು ಮಾಲೂರು. 2018ನೆಯ ಇಸವಿಯಲ್ಲಿ ನಾವು ಬೆಂಗಳೂರಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮದ ತರಗತಿಗೆ ಸೇರಿ, ದಿನವೂ ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಹಿಂದಿರುಗುತ್ತಿದ್ದೆವು. ನಮಗೆ ಆಗ ಒಂದು ಬಗೆಯ ಹೆಮ್ಮೆಯಿದ್ದಿತು. ಕನ್ನಡದ ಪತ್ರಿಕಾವ್ಯವಸಾಯದ ಹಿರಿಯರಲ್ಲಿ ಒಬ್ಬರಾದ ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಮುಳಬಾಗಿಲಿನಲ್ಲಿ. "ಜೀವನ" ಮಾಸಪತ್ರಿಕೆಯನ್ನು ಬಹುಕಾಲ ನಡೆಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಂತೂ ನಮ್ಮ ತಾಲ್ಲೂಕಿನವರೇ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದವರಲ್ಲ. ಆದರೂ 1928ರಲ್ಲಿ "ವೃತ್ತಪತ್ರಿಕೆ" ಎಂಬ ಪುಸ್ತಕವನ್ನು ಬರೆದು ಈ ವೃತ್ತಿಯ ಧರ್ಮವನ್ನು ಕನ್ನಡಿಗರಿಗೆ ತಿಳಿಸಿಕೊಟ್ಟರು. ಅವರಿಗೆ ಇಲ್ಲದಿದ್ದ ಕಾಲೇಜು ನಮಗೆ ದೊರೆತಿದೆ. ಇನ್ನು ನಾವು ಏನನ್ನು ತಾನೆ ಸಾಧಿಸಲಾರೆವು ಎಂದು ನಾವು ಭಾವಿಸಿದ್ದೆವು.

ಆ ವರ್ಷವೇ ನಮ್ಮ ಜಿಲ್ಲೆಯಲ್ಲಿ ದೊಡ್ಡದೊಂದು ಸುದ್ದಿ ಹುಟ್ಟಿತು. ವರ್ಷವೆಲ್ಲ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನಂಬಿ ಬದುಕಿದ ಕೋಲಾರ ಸೀಮೆಗೆ, ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಕೊಳಚೆನೀರನ್ನು ಎರಡು ಹಂತದಲ್ಲಿ ಶುದ್ಧಿಮಾಡಿ, ಕೊಳವೆಗಳ ಮೂಲಕ ತಂದು ಕೆರೆಗಳಿಗೆ ಬಿಡಲು ಆರಂಭಿಸಿದರು. ಮೊದಲು ನೀರು ಬಂದದ್ದು ಲಕ್ಷ್ಮೀಸಾಗರದ ಕೆರೆಗೆ. ನಾವು ಅಲ್ಲಿಗೆ ಓಡಿದೆವು. ಬಹಳ ಕಾಲ ಒಣಗಿ ಕಿಡಿದಿದ್ದ ಕೆರೆಯಂಗಳದಲ್ಲಿ ನೀರು ಹರಡುವುದನ್ನು ಏರಿಯ ಮೇಲೆ ನಿಂತು ನೋಡುತ್ತಿದ್ದ ರೈತರ ಸಂತೋಷವನ್ನು ಕಂಡು, ಅದೇ ಉತ್ಸಾಹದಲ್ಲಿ ಎರಡು ಪುಟ ಬರೆದು ಗುರುಗಳ ಕೈಗಿತ್ತೆವು. ಅವರು ಅದನ್ನು ಹಿಂದಕ್ಕೆ ಕೊಟ್ಟರು. ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದೇ ಪ್ರಶ್ನೆ ಬರೆದಿದ್ದಿತು: "ಇನ್ನೊಬ್ಬರನ್ನು ಕೇಳಿದಿರಾ?" ಕೇಳಿರಲಿಲ್ಲ. ಮತ್ತೆ ಹೋದಾಗ, ಮೂರನೆಯ ಹಂತದ ಶುದ್ಧಿಯಿಲ್ಲದ ಈ ನೀರು ನೆಲಕ್ಕಿಳಿದು ಬಾವಿಗಳನ್ನು ಸೇರಿದರೆ ಗತಿಯೇನೆಂದು ಭಯಪಡುವವರೂ ಅದೇ ಪ್ರಾಂತ್ಯದಲ್ಲಿ ಇದ್ದರು. ಮುಂದೆ ಆ ವಿವಾದ ಉಚ್ಚ ನ್ಯಾಯಾಲಯಕ್ಕೂ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಎರಡು ಪಕ್ಷದ ಮಾತನ್ನೂ ಕೇಳಬೇಕೆಂಬ ಪಾಠವನ್ನು ಕಲಿತೆವೆಂದು ನಾವು ಸಮಾಧಾನಪಟ್ಟುಕೊಂಡೆವು. ಕೇಳುವುದು ಬೇರೆ, ಕೇಳಿದ್ದನ್ನು ಬರೆಯುವುದು ಬೇರೆ ಎಂಬುದು ಆಗ ನಮಗೆ ಹೊಳೆಯಲಿಲ್ಲ.

ನಮ್ಮ ಕಾಲೇಜಿನಲ್ಲಿ ಅಭ್ಯಾಸಕ್ಕಾಗಿ ನಾಲ್ಕು ಪುಟದ ಪತ್ರಿಕೆಯೊಂದನ್ನು ವಿದ್ಯಾರ್ಥಿಗಳೇ ಹೊರಡಿಸುತ್ತಿದ್ದರು. ಒಬ್ಬೊಬ್ಬರೂ ತಮ್ಮ ತಮ್ಮ ಊರಿನ ಕಸಬೊಂದನ್ನು ಕುರಿತು ಬರೆಯಬೇಕೆಂದು ಗೊತ್ತಾಯಿತು. ಮಾಲೂರೆಂದರೆ ಹೆಂಚು, ನಾವು ಹೆಂಚಿನ ಕಾರ್ಖಾನೆಯನ್ನೇ ಆರಿಸಿಕೊಂಡೆವು. ಮಣ್ಣನ್ನು ಹದವಾಗಿ ಕಲಸಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಆರಿಸಿ, ಗೂಡಿನಲ್ಲಿ ಸುಡುವ ಕೆಲಸವನ್ನು ನೋಡಿಕೊಂಡು ಬರುತ್ತಿರುವಾಗ, ಹಸಿಹೆಂಚನ್ನು ಹೊತ್ತು ಸಾಗಿಸುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ನಮ್ಮೊಡನೆ ಮಾತನಾಡಿದಳು. ನಮ್ಮ ಸೀಮೆಯ ಅನೇಕರಂತೆ ಆಕೆಯ ಮನೆಮಾತು ತೆಲುಗು. ನಾವು ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಗುರುತುಹಾಕಿಕೊಂಡೆವು. ಹೆಂಚು ಬಿದ್ದು ಕೈಗೆ ಪೆಟ್ಟಾಗಿ ಎರಡು ವಾರ ಮನೆಯಲ್ಲಿ ಕುಳಿತಾಗ ಕೂಲಿ ದೊರೆಯಲಿಲ್ಲವೆಂದು ಆಕೆ ಹೇಳಿದಳು. ಮಗಳ ಮದುವೆಗೆ ಯಜಮಾನರು ಮುಂಗಡ ಹಣ ಕೊಟ್ಟು, ಅದರಲ್ಲಿ ಅರ್ಧವನ್ನು ಬಿಟ್ಟುಬಿಟ್ಟರೆಂದೂ ಹೇಳಿದಳು.

ಮೊದಲನೆಯದನ್ನು ಬರೆದೆವು, ಎರಡನೆಯದನ್ನು ಬಿಟ್ಟೆವು. ಮರೆತು ಬಿಟ್ಟದ್ದಲ್ಲ. ಅದನ್ನು ಸೇರಿಸಿದರೆ ಲೇಖನದ ಬಿಸಿ ಆರುವುದೆಂದು ತಿಳಿದೇ ಬಿಟ್ಟೆವು. ಆಕೆಯ ಹೆಸರು, ಹಳ್ಳಿಯ ಹೆಸರು, ಗಾಯದ ಗುರುತು ಕಾಣುವಂತೆ ತೆಗೆದ ಚಿತ್ರ, ಎಲ್ಲವೂ ಅಚ್ಚಾದುವು. ಲೇಖನಕ್ಕೆ ಜೀವವಿದೆಯೆಂದು ತರಗತಿಯಲ್ಲಿ ಹೊಗಳಿದರು. ಆ ವಾರವೆಲ್ಲ ನಾವು ರೈಲಿನಲ್ಲಿ ಪತ್ರಿಕೆಯನ್ನು ಮಡಿಸದೆ ಹಿಡಿದುಕೊಂಡೇ ಬಂದೆವು.

ಮೂರು ವಾರಗಳಾದ ಮೇಲೆ, ಆಕೆಗೆ ಒಂದು ಪ್ರತಿಯನ್ನು ಕೊಡೋಣವೆಂದು ಕಾರ್ಖಾನೆಗೆ ಹೋದೆವು. ಆಕೆ ಅಲ್ಲಿರಲಿಲ್ಲ. ಹಳ್ಳಿಗೆ ಹೋಗಿ ಮನೆಯನ್ನು ವಿಚಾರಿಸಿಕೊಂಡು ಹೊಸ್ತಿಲ ಬಳಿ ನಿಂತೆವು. ಆಕೆ ಕುಡಿಯಲು ನೀರು ಕೊಟ್ಟು, ಚಾಪೆ ಹಾಸಿ, ಒಂದೇ ಮಾತು ಹೇಳಿದಳು: "ರಾವದ್ದನ್ನಾರು." ಎಂದರೆ, ಬರಬೇಡವೆಂದರು. ಪತ್ರಿಕೆಯ ಪುಟವನ್ನು ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದು ಊರೆಲ್ಲಕ್ಕೂ ಕಳುಹಿಸಿದ್ದರು. ಅದು ಯಜಮಾನರನ್ನೂ ಮುಟ್ಟಿದ್ದಿತು.

ಆಕೆಗೆ ಓದು ಬಾರದು. ಏನು ಬರೆದಿದೆಯೋ ಓದಿ ಹೇಳೆಂದಳು. ಒಂದೊಂದೇ ವಾಕ್ಯವನ್ನು ತೆಲುಗಿಗೆ ತಿರುಗಿಸುತ್ತಾ ನಾವು ಓದಿದೆವು. ನಾವು ಬರೆದದ್ದು ನಮಗೇ ಅಷ್ಟು ದೀರ್ಘವಾಗಿ ಎಂದೂ ಕಂಡಿರಲಿಲ್ಲ. ಮುಗಿದ ಮೇಲೆ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದುವೆಯ ಮಾತನ್ನೂ ಹೇಳಿದ್ದೆನಲ್ಲ, ನಾಯನಾ, ಅದೆಲ್ಲಿ?" ಎಂದಳು. ಆ ಮೇಲೆ, "ನಾನು ಹೇಳಿದ್ದು ನಿನಗೆ. ಹೆಸರು ಹಾಕೆಂದು ಹೇಳಿದೆನೇ?" ಎಂದು ಕೇಳಿದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಮಗೆ ಸುಲಭವಾಗುತ್ತಿದ್ದಿತು.

ಮರುದಿನ ನಾವು ಯಜಮಾನರನ್ನು ಕಂಡು, ಆಕೆ ಅವರ ಉಪಕಾರವನ್ನು ನಮಗೆ ತಿಳಿಸಿದ್ದಳೆಂದೂ, ಅದನ್ನು ಬಿಟ್ಟ ತಪ್ಪು ನಮ್ಮದೆಂದೂ ಒಪ್ಪಿಕೊಂಡೆವು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯನ್ನೂ ಅಚ್ಚುಮಾಡಿಸಿದೆವು. ಅವರು ಎಲ್ಲವನ್ನೂ ಕೇಳಿದರು. ಆದರೆ ಆಕೆಯನ್ನು ಮರಳಿ ಕರೆಯಲಿಲ್ಲ. ಆಕೆ ತೋಟದ ಕೂಲಿಗೆ ಹೋಗತೊಡಗಿದಳು. ಅಲ್ಲಿ ಕೆಲಸ ವರ್ಷವೆಲ್ಲ ಇರುವಂಥದಲ್ಲ.

ತರಗತಿಯಲ್ಲಿ ನಮಗೆ 1908ರ ಕಥೆಯನ್ನು ಹೇಳಿಕೊಟ್ಟಿದ್ದರು. ಆ ವರ್ಷ ಮೈಸೂರು ಸರಕಾರ ಪತ್ರಿಕೆಗಳ ಬಾಯಿ ಕಟ್ಟುವ ಶಾಸನವನ್ನು ತಂದಾಗ, ಮೈಸೂರಿನ ತಾತಯ್ಯನವರು, ಎಂದರೆ ಎಂ. ವೆಂಕಟಕೃಷ್ಣಯ್ಯನವರು, ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಪತ್ರಿಕಾಕರ್ತನ ಧೈರ್ಯಕ್ಕೆ ಇದು ನಿದರ್ಶನವೆಂದು ನಾವು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನೂ ಪಡೆದೆವು. ಆ ಹಳ್ಳಿಯಿಂದ ಹಿಂದಿರುಗಿದ ಮೇಲೆಯೇ ಆ ಕಥೆಯ ತಿರುಳು ನಮಗೆ ತಿಳಿದದ್ದು. ತಾತಯ್ಯನವರು ತೋರಿದ ಧೈರ್ಯದ ಬೆಲೆಯನ್ನು ತಾತಯ್ಯನವರೇ ತೆತ್ತರು. ನಮ್ಮ ಲೇಖನದ ಧೈರ್ಯಕ್ಕೆ ಹೊಗಳಿಕೆ ನಮಗೆ ಬಂದಿತು, ಬೆಲೆ ತೆತ್ತವಳು ಹೆಂಚು ಹೊರುವವಳು.

ಇದರಿಂದ ಕೂಲಿಕಾರರ ಕಷ್ಟವನ್ನು ಬರೆಯಲೇಬಾರದೆಂದು ನಾವು ಹೇಳುವುದಿಲ್ಲ. ಕೈಗೆ ಪೆಟ್ಟಾದವಳಿಗೆ ಕೂಲಿ ದೊರೆಯದಿದ್ದುದು ಸತ್ಯ. ಅದು ಹೊರಗೆ ಬರಬೇಕಾದದ್ದೇ. ಆದರೆ ಆಕೆಯ ಹೆಸರಿಲ್ಲದೆಯೂ ಅದು ಬರಬಹುದಾಗಿದ್ದಿತು. ಹತ್ತು ಮಂದಿ ಕೆಲಸಗಾರರನ್ನು ಕೇಳಿ ಬರೆದಿದ್ದರೆ ಇನ್ನೂ ಬಲವಾಗಿ ಬರುತ್ತಿದ್ದಿತು. ಯಜಮಾನರ ಉತ್ತರವನ್ನು ಮೊದಲೇ ಕೇಳಿ ಸೇರಿಸಿದ್ದರೆ ಅದನ್ನು ತಳ್ಳಿಹಾಕುವುದು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ. ನಮ್ಮ ಸೋಮಾರಿತನವನ್ನೇ ನಾವು ಧೈರ್ಯವೆಂದು ತಿಳಿದಿದ್ದೆವು.

ಅಂದಿನಿಂದ ನಾವು ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಬಡವರ ಮಾತನ್ನು ಬರೆದಾಗ, ಅಚ್ಚಿಗೆ ಕೊಡುವುದಕ್ಕೆ ಮೊದಲು ಅವರ ಭಾಷೆಯಲ್ಲಿಯೇ ಅವರಿಗೆ ಓದಿ ಹೇಳುತ್ತೇವೆ. ಹೆಸರು ಹಾಕಬಹುದೇ ಎಂದು ಕೇಳುವುದರ ಜೊತೆಗೆ, ಹಾಕಿದರೆ ಏನಾಗಬಹುದೆಂಬುದನ್ನೂ ತಿಳಿಸುತ್ತೇವೆ. ಇದರಿಂದ ಕೆಲವು ಲೇಖನಗಳು ತಡವಾಗಿವೆ, ಒಂದೆರಡು ಬರದೆಯೇ ಹೋಗಿವೆ.

ವಾಚಕರಲ್ಲಿ ನಮ್ಮದೊಂದು ಪ್ರಾರ್ಥನೆ. ನಿಮ್ಮ ಮನೆಯ ಮಗನೋ ಮಗಳೋ ಪತ್ರಿಕೋದ್ಯಮ ಓದುತ್ತೇನೆಂದರೆ ಸಂತೋಷದಿಂದ ಕಳುಹಿಸಿರಿ. ಅವರು ಮೊದಲ ಲೇಖನವನ್ನು ತಂದು ತೋರಿಸಿದಾಗ, ಚೆನ್ನಾಗಿದೆಯೆಂದು ಹೇಳುವುದಕ್ಕೆ ಮೊದಲು, "ಇದರಲ್ಲಿರುವವರಿಗೆ ಇದನ್ನು ಓದಿ ಹೇಳಿದೆಯಾ?" ಎಂದು ಕೇಳಿರಿ. ನಮ್ಮನ್ನು ಹಾಗೆ ಕೇಳುವವರು ಅಂದು ಯಾರೂ ಇರಲಿಲ್ಲ.