ಹಳೇ ಪೋರ್ಟ್ ಇರಬೇಕಾ, ಹೋಗಬೇಕಾ?

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ಪ್ರೆಸೆಂಟೇಶನ್ ದಿನ. ನಮ್ಮ ತಂಡದ ನಾಲ್ವರೂ ಸೆಮಿನಾರ್ ಹಾಲ್‌ನ ಟೇಬಲ್ ಸುತ್ತ ನಿಂತು ಲ್ಯಾಪ್‌ಟಾಪಿನ ಎಡಗಡೆ ಒಂದು ಸಲ, ಬಲಗಡೆ ಒಂದು ಸಲ ನೋಡ್ತಾ ಇದ್ವಿ. ಪ್ರೊಜೆಕ್ಟರಿನಿಂದ ಇಳಿದುಬಂದ ಕೇಬಲ್ಲಿನ ತುದಿಯಲ್ಲಿ ನೀಲಿ ಬಣ್ಣದ, ಎರಡೂ ಪಕ್ಕ ಸ್ಕ್ರೂ ಇರುವ ವಿಜಿಎ ಕನೆಕ್ಟರ್. ನಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಟೈಪ್-ಸಿ ಪೋರ್ಟ್, ಒಂದು ಹೆಡ್‌ಫೋನ್ ಜ್ಯಾಕ್. ಅಷ್ಟೇ.

ಪೆನ್‌ಡ್ರೈವಿಗೆ ಹಾಕಿ ಬೇರೆಯವರ ಲ್ಯಾಪ್‌ಟಾಪಿಗೆ ಕೊಡೋಣ ಅಂದರೆ ಪೆನ್‌ಡ್ರೈವ್ ಹಳೇ ಯುಎಸ್‌ಬಿ-ಎ. ಆರ್ಡುಯಿನೋ ಬೋರ್ಡಿನ ಕೇಬಲ್ಲೂ ಅದೇ. ಇಡೀ ಸೆಮಿಸ್ಟರ್ ಲ್ಯಾಬಿನ ಡೆಸ್ಕ್‌ಟಾಪಿನಲ್ಲಿ ಕೆಲಸ ಮಾಡಿದ್ದರಿಂದ ನಮಗೆ ಇದು ಹೊಳೆದೇ ಇರಲಿಲ್ಲ. ಕೊನೆಗೆ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಪಕ್ಕದ ತಂಡದವರಿಗೆ ಸ್ಲೈಡ್ ಮೇಲ್ ಮಾಡಿ, ಅವರ ದಪ್ಪನೆಯ ಹಳೇ ಲ್ಯಾಪ್‌ಟಾಪಿನಿಂದ ತೋರಿಸಿದೆವು. ಲೈವ್ ಡೆಮೊ ಆಗಲಿಲ್ಲ. ಡೆಮೊಗೆ ಇದ್ದ 10 ಅಂಕದಲ್ಲಿ 4 ಬಂತು.

ಲ್ಯಾಪ್‌ಟಾಪ್ ನಮ್ಮಲ್ಲೊಬ್ಬನದು. ಅವನ ಅಪ್ಪ ಕಂತಿನ ಮೇಲೆ ಕೊಡಿಸಿದ್ದು, ಇನ್ನೂ ಕಂತು ಮುಗಿದಿಲ್ಲ. ರಾತ್ರಿ ಫೋನಿನಲ್ಲಿ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅಷ್ಟು ದುಡ್ಡು ಕೊಟ್ಟು ತಗೊಂಡಿದ್ದಕ್ಕೆ ಒಂದು ಪೆನ್‌ಡ್ರೈವ್ ಹಾಕೋ ಜಾಗಾನೂ ಇಲ್ವೇನೋ?"

ಅವತ್ತು ಹಾಸ್ಟೆಲ್ಲಿನಲ್ಲಿ ದೊಡ್ಡ ಚರ್ಚೆ ಆಯ್ತು. ಹಳೇ ಪೋರ್ಟ್ ತೆಗೆದಿದ್ದೇ ಸರಿ ಅಂತ ಇಬ್ಬರು, ತಪ್ಪು ಅಂತ ಇಬ್ಬರು. ಆಮೇಲೆ ಓದಿ ತಿಳ್ಕೊಂಡಿದ್ದನ್ನು ಇಲ್ಲಿ ಹಂಚಿಕೊಳ್ತಾ ಇದ್ದೇವೆ.

ಕಂಪನಿಗಳು ಯಾಕೆ ತೆಗೀತಾರೆ?

ಮೊದಲ ಕಾರಣ ದಪ್ಪ. ಯುಎಸ್‌ಬಿ-ಎ ಪ್ಲಗ್ಗಿನ ಎತ್ತರವೇ ಸುಮಾರು 4.5 ಮಿಲಿಮೀಟರ್. ಟೈಪ್-ಸಿ ಅದರ ಅರ್ಧದಷ್ಟು. ಈಥರ್ನೆಟ್ ಪ್ಲಗ್ ಇನ್ನೂ ದಪ್ಪ. ಅದಕ್ಕೇ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈಥರ್ನೆಟ್ ಪೋರ್ಟಿಗೆ ಬಾಯಿ ತೆರೆಯುವ ಹಾಗೆ ಒಂದು ಮಡಿಕೆ ಇಟ್ಟಿರುತ್ತಾರೆ.

ಎರಡನೆಯದು, ಟೈಪ್-ಸಿ ನಿಜವಾಗಲೂ ಒಳ್ಳೇ ವಿನ್ಯಾಸ. 2014ರಲ್ಲಿ ಬಂದ ಇದರಲ್ಲಿ 24 ಪಿನ್‌ಗಳಿವೆ, ಹೇಗೆ ತಿರುಗಿಸಿ ಹಾಕಿದರೂ ಕೂರುತ್ತೆ. ಡೇಟಾ, ಚಾರ್ಜಿಂಗ್, ಡಿಸ್‌ಪ್ಲೇ ಮೂರೂ ಒಂದೇ ಕೇಬಲ್ಲಿನಲ್ಲಿ ಹೋಗಬಹುದು. ಯುರೋಪಿಯನ್ ಒಕ್ಕೂಟವಂತೂ 2026ರ ಏಪ್ರಿಲ್ 28ರಿಂದ ಅಲ್ಲಿ ಮಾರುವ ಹೊಸ ಲ್ಯಾಪ್‌ಟಾಪ್‌ಗಳು ಟೈಪ್-ಸಿಯಿಂದ ಚಾರ್ಜ್ ಆಗಲೇಬೇಕು ಅಂತ ನಿಯಮ ಮಾಡಿದೆ. ಆದರೆ ಗಮನಿಸಿ, ಆ ನಿಯಮ ಚಾರ್ಜಿಂಗ್ ಬಗ್ಗೆ ಅಷ್ಟೇ. ಬೇರೆ ಪೋರ್ಟ್ ತೆಗೀರಿ ಅಂತ ಅದು ಹೇಳೋದಿಲ್ಲ.

ಮೂರನೆಯದು ಇತಿಹಾಸ. 1998ರಲ್ಲಿ ಆ್ಯಪಲ್ ತನ್ನ ಐಮ್ಯಾಕ್‌ನಲ್ಲಿ ಫ್ಲಾಪಿ ಡ್ರೈವನ್ನೂ ತನ್ನ ಹಳೇ ಪೋರ್ಟ್‌ಗಳನ್ನೂ ಬಿಟ್ಟು ಯುಎಸ್‌ಬಿ ಇಟ್ಟಿತು. ಆಗ ಬೈದವರಿದ್ದರು. ಇವತ್ತು ಫ್ಲಾಪಿ ಬೇಕು ಅನ್ನೋರು ಯಾರೂ ಇಲ್ಲ. ಆದರೆ ಅದೇ ಕಂಪನಿ 2016ರ ಮ್ಯಾಕ್‌ಬುಕ್ ಪ್ರೊದಲ್ಲಿ ಟೈಪ್-ಸಿ, ಹೆಡ್‌ಫೋನ್ ಜ್ಯಾಕ್ ಬಿಟ್ಟು ಉಳಿದದ್ದೆಲ್ಲ ತೆಗೆದು, 2021ರ ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಮತ್ತು ಎಸ್‌ಡಿ ಕಾರ್ಡ್ ಸ್ಲಾಟ್ ವಾಪಸ್ ತಂದಿತು. ಹಾಗಾಗಿ ಹಳೆಯದೆಲ್ಲ ಹೋಗಲೇಬೇಕು ಅನ್ನೋದು ಸರಿ ಅಲ್ಲ.

ವಿಜಿಎ: ಹೋಗಲಿ ಬಿಡಿ

ವಿಜಿಎ ಬಂದದ್ದು 1987ರಲ್ಲಿ, ಐಬಿಎಂ ಕಂಪ್ಯೂಟರಿನ ಜೊತೆ. ಆಗ ಇದ್ದದ್ದು ದಪ್ಪ ಪಿಕ್ಚರ್ ಟ್ಯೂಬಿನ ಮಾನಿಟರ್. ಅದಕ್ಕೆ ತಕ್ಕ ಹಾಗೆ ಕೆಂಪು, ಹಸಿರು, ನೀಲಿ ಮೂರು ಬಣ್ಣಗಳನ್ನು ಮೂರು ವೈರಿನಲ್ಲಿ ಏರಿಳಿಯುವ ವೋಲ್ಟೇಜ್ ಆಗಿ ಕಳಿಸುತ್ತಿದ್ದರು. ಅಂದರೆ ಅನಲಾಗ್. ಈಗಿನ ಲ್ಯಾಪ್‌ಟಾಪ್ ಡಿಜಿಟಲ್, ಪ್ರೊಜೆಕ್ಟರಿನ ಒಳಗೂ ಡಿಜಿಟಲ್. ನಡುವೆ ವಿಜಿಎ ಬಂದರೆ ಡಿಜಿಟಲ್ಲಿನಿಂದ ಅನಲಾಗಿಗೆ ಒಂದು ಸಲ, ಮತ್ತೆ ಅನಲಾಗಿನಿಂದ ಡಿಜಿಟಲ್ಲಿಗೆ ಇನ್ನೊಂದು ಸಲ ಬದಲಾಯಿಸಬೇಕು. ಕೇಬಲ್ ಉದ್ದ ಆದಷ್ಟೂ ಅಕ್ಷರಗಳು ಮಸುಕಾಗುತ್ತವೆ. ಇದರಲ್ಲಿ ಧ್ವನಿ ಹೋಗೋದೇ ಇಲ್ಲ.

ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಎಲ್ಲ ಸೇರಿ 2010ರಲ್ಲೇ ವಿಜಿಎಯನ್ನು ಹಂತಹಂತವಾಗಿ ಬಿಡ್ತೀವಿ ಅಂತ ಹೇಳಿದ್ದರು. ಆದರೂ ನಮ್ಮ ಕ್ಲಾಸುಗಳಲ್ಲಿ ಅದು ಉಳಿದಿದೆ. ಲ್ಯಾಪ್‌ಟಾಪ್ ನಾಲ್ಕೈದು ವರ್ಷಕ್ಕೆ ಬದಲಾಗುತ್ತೆ, ಸೂರಿಗೆ ತೂಗುಹಾಕಿದ ಪ್ರೊಜೆಕ್ಟರ್, ಗೋಡೆಯೊಳಗೆ ಎಳೆದ ಕೇಬಲ್ ಅಷ್ಟು ಬೇಗ ಬದಲಾಗಲ್ಲ.

ಹಾಗಂತ ಒಂದು ಪ್ರೊಜೆಕ್ಟರಿಗೋಸ್ಕರ ಸಾವಿರ ವಿದ್ಯಾರ್ಥಿಗಳ ಲ್ಯಾಪ್‌ಟಾಪಿನಲ್ಲಿ ವಿಜಿಎ ಹೊರಬೇಕಾಗಿಲ್ಲ. ಪ್ರೊಜೆಕ್ಟರ್ ಒಂದಕ್ಕೆ ಒಂದು ಕನ್ವರ್ಟರ್ ಸಾಕು. ಆದರೆ ಇಲ್ಲಿ ನಾವು ಬಿದ್ದ ಒಂದು ಗುಂಡಿ ಹೇಳಬೇಕು. ಹಾಸ್ಟೆಲ್ಲಿನಲ್ಲಿ ಒಬ್ಬರ ಹತ್ತಿರ ಟೈಪ್-ಸಿಯಿಂದ ಎಚ್‌ಡಿಎಂಐ ಅಡಾಪ್ಟರ್ ಇತ್ತು. ಎಚ್‌ಡಿಎಂಐಯಿಂದ ವಿಜಿಎಗೆ ಅಂತ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು ತಂದೆವು. ಚಿತ್ರ ಬರಲಿಲ್ಲ. ನೋಡಿದರೆ ಅದು ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವಂಥದ್ದು! ಇವುಗಳ ಒಳಗೆ ಬರೀ ವೈರ್ ಇರಲ್ಲ, ಸಿಗ್ನಲ್ ಬದಲಿಸುವ ಚಿಪ್ ಇರುತ್ತೆ. ಅದು ಒಂದೇ ದಿಕ್ಕಿಗೆ ಕೆಲಸ ಮಾಡುತ್ತೆ. ಕೊಳ್ಳುವಾಗ ಯಾವುದರಿಂದ ಯಾವುದಕ್ಕೆ ಅಂತ ಎರಡು ಸಲ ಓದಿ.

ಯುಎಸ್‌ಬಿ-ಎ: ಒಂದಾದರೂ ಇರಲಿ

ಯುಎಸ್‌ಬಿ 1996ರದು, ಇದೂ ಹಳೆಯದೇ. ಆದರೆ ಇದರ ಕಥೆ ಬೇರೆ. 2008ರಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ವೇಗದ ಯುಎಸ್‌ಬಿ 3.0 ಬಂದಾಗಲೂ ಇದೇ ಆಕಾರ ಉಳಿಯಿತು. ಇಪ್ಪತ್ತು ವರ್ಷ ಹಳೇ ಮೌಸ್ ಇವತ್ತಿನ ಪೋರ್ಟಿನಲ್ಲೂ ಓಡುತ್ತೆ. ಮೌಸ್, ಕೀಬೋರ್ಡಿಗೆ ಸೆಕೆಂಡಿಗೆ 1.5 ಮೆಗಾಬಿಟ್ ಇದ್ದರೂ ಸಾಕು. ಅವುಗಳಿಗೆ ಟೈಪ್-ಸಿಯ ವೇಗದಿಂದ ಯಾವ ಲಾಭವೂ ಇಲ್ಲ.

ಇನ್ನು ನಮ್ಮ ಲ್ಯಾಬ್ ನೋಡಿ. ಆರ್ಡುಯಿನೋ, ಪ್ರೋಗ್ರಾಮರ್, ಲಾಜಿಕ್ ಅನಲೈಸರ್, ಪೆನ್‌ಡ್ರೈವ್ ಎಲ್ಲದರ ಕೇಬಲ್ ಯುಎಸ್‌ಬಿ-ಎ. 2023ರಲ್ಲಿ ಬಂದ ಆರ್ಡುಯಿನೋ ಊನೋ ಆರ್4ರಲ್ಲಿ ಟೈಪ್-ಸಿ ಇದೆ, ನಿಜ. ಆದರೆ ಲ್ಯಾಬಿನಲ್ಲಿರೋದು ಆರ್3. ಅದು ಕೆಟ್ಟಿಲ್ಲ, ಕೆಡೋ ಲಕ್ಷಣವೂ ಇಲ್ಲ.

ಅಡಾಪ್ಟರ್ ತಗೊಂಡ್ರೆ ಆಯ್ತಲ್ಲ ಅಂತ ನಮ್ಮಲ್ಲೇ ಇಬ್ಬರು ವಾದ ಮಾಡಿದರು. ಸರಿ, ಯುಎಸ್‌ಬಿ-ಎ ಅಡಾಪ್ಟರ್ ದುಬಾರಿ ಅಲ್ಲ. ಆದರೆ ಅದು ಬೇಕಾದ ದಿನವೇ ರೂಮಿನಲ್ಲಿ ಮರೆತಿರುತ್ತೇವೆ. ಹಬ್ ತಗೊಂಡರೆ ಅದಕ್ಕೆ ಹಾಕಿದ ಡಿವೈಸ್‌ಗಳೆಲ್ಲ ಲ್ಯಾಪ್‌ಟಾಪಿನ ಒಂದೇ ಪೋರ್ಟಿನ ವೇಗವನ್ನು ಹಂಚಿಕೊಳ್ಳಬೇಕು. ಮುಖ್ಯವಾಗಿ, ಪೋರ್ಟ್ ತೆಗೆದು ಕಂಪನಿ ಉಳಿಸಿದ ಖರ್ಚು ನಮ್ಮ ಜೇಬಿಗೆ ಬಂದು ಬೀಳುತ್ತೆ.

ಟೈಪ್-ಸಿಯಲ್ಲಿ ಇನ್ನೊಂದು ತೊಂದರೆ ಇದೆ. ಆಕಾರ ಒಂದೇ, ಗುಣ ನೂರೆಂಟು. ಒಂದು ಪೋರ್ಟ್ ಸೆಕೆಂಡಿಗೆ 480 ಮೆಗಾಬಿಟ್‌ನದ್ದಿರಬಹುದು, ಇನ್ನೊಂದು 40 ಗಿಗಾಬಿಟ್‌ನದ್ದು. ನಮ್ಮ ಗೆಳೆಯನ ಲ್ಯಾಪ್‌ಟಾಪಿನ ಎರಡು ಪೋರ್ಟುಗಳಲ್ಲಿ ಡಿಸ್‌ಪ್ಲೇ ಬರೋದು ಒಂದರಲ್ಲಿ ಮಾತ್ರ. ಹೊರಗಿಂದ ನೋಡಿದರೆ ಅವಳಿ ಜವಳಿ. ಹಳೇ ಪೋರ್ಟುಗಳಲ್ಲಿ ಆಕಾರ ನೋಡಿದರೆ ಕೆಲಸ ಗೊತ್ತಾಗುತ್ತಿತ್ತು. ಇಲ್ಲಿ ಪ್ಲಗ್ ಕೂರುತ್ತೆ, ಆದರೆ ಕೆಲಸ ಆಗುತ್ತೋ ಇಲ್ವೋ ಹೇಳಕ್ಕಾಗಲ್ಲ.

ಹಾಗಾದರೆ ನಮ್ಮ ತೀರ್ಮಾನ?

ಪೋರ್ಟಿನ ವಯಸ್ಸು ನೋಡಬಾರದು. ಕೇಬಲ್ಲಿನ ಆ ತುದಿಯಲ್ಲಿ ಏನಿದೆ ಅಂತ ನೋಡಬೇಕು. ಅಲ್ಲಿರೋದು ಒಂದೇ ಜಾಗದಲ್ಲಿ ಕೂತಿರುವ ಪ್ರೊಜೆಕ್ಟರ್ ಆದರೆ ಕನ್ವರ್ಟರ್ ಅದರ ಹತ್ತಿರವೇ ಇರಲಿ, ಲ್ಯಾಪ್‌ಟಾಪಿನಿಂದ ಪೋರ್ಟ್ ಹೋಗಲಿ. ಸೀರಿಯಲ್ ಪೋರ್ಟ್ ಕೂಡ ಹೀಗೇ ಹೋಯ್ತು. 1960ರ ಆರ್‌ಎಸ್-232 ಪದ್ಧತಿ ಹಳೇ ಯಂತ್ರಗಳಲ್ಲಿ ಇನ್ನೂ ಇದೆ, ಬೇಕಾದವರು ಯುಎಸ್‌ಬಿ ಕನ್ವರ್ಟರ್ ಇಟ್ಕೊಂಡಿದ್ದಾರೆ. ಆದರೆ ಆ ತುದಿಯಲ್ಲಿ ದಿನಾ ಕೈಯಲ್ಲಿ ಓಡಾಡುವ, ಇನ್ನೂ ಚೆನ್ನಾಗಿರುವ ಹತ್ತಾರು ವಸ್ತುಗಳಿದ್ದರೆ ಪೋರ್ಟ್ ಲ್ಯಾಪ್‌ಟಾಪಿನಲ್ಲೇ ಇರಬೇಕು. ಅದನ್ನು ತೆಗೆದು ತೆಳು ಮಾಡಿದ್ದೀವಿ ಅಂತ ಹೇಳಿಕೊಳ್ಳೋದು ನಮಗೆ ಸರಿ ಕಾಣಲ್ಲ.

ಪ್ರತಿ ಪ್ರೊಜೆಕ್ಟರಿಗೂ ಒಂದು ಕನ್ವರ್ಟರ್ ಕೊಡಿಸಿ ಅಂತ ನಾವು ನಾಲ್ವರೂ ಸಹಿ ಮಾಡಿ ಎಚ್‌ಒಡಿ ಸರ್‌ಗೆ ಅರ್ಜಿ ಕೊಟ್ಟೆವು. ಸದ್ಯಕ್ಕೆ ಸೆಮಿನಾರ್ ಹಾಲಿಗೆ ಒಂದು ಬಂದಿದೆ. ಯಾರೂ ಎತ್ತಿಕೊಂಡು ಹೋಗದಿರಲಿ ಅಂತ ಅಟೆಂಡರ್ ಅಣ್ಣ ಅದನ್ನು ಕೇಬಲ್ಲಿಗೇ ಟ್ಯಾಗ್ ಹಾಕಿ ಬಿಗಿದಿದ್ದಾರೆ. ನಮ್ಮ 6 ಅಂಕ ವಾಪಸ್ ಬರಲ್ಲ. ಜೂನಿಯರ್‌ಗಳೇ, ನಿಮ್ಮ ಪ್ರೆಸೆಂಟೇಶನ್ ಹಿಂದಿನ ದಿನ ಒಮ್ಮೆ ಹೋಗಿ ಕೇಬಲ್ ಹಾಕಿ ನೋಡಿಕೊಂಡು ಬನ್ನಿ.