ಒಂಟಿ ಕಣ್ಣಿನ ಹೀರೋ! ನಿಮ್ಮ ಜೇಬಿಗೆ ಯಾವ ಕ್ಯಾಮೆರಾ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ... ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಗೆಸೊಪ್ಪಿನದೋ ಭತ್ತದ್ದೋ ದುಡ್ಡು ಮನೆಗೆ ಬರುವ ಕಾಲ ಬಂತೆಂದರೆ ಸಾಕು, ಮನೆಮನೆಯಲ್ಲೂ ಹುಡುಗರ ಕಣ್ಣಲ್ಲಿ ಒಂದೊಂದು ಕನಸು! ಒಬ್ಬನಿಗೆ ಬೈಕು, ಒಬ್ಬನಿಗೆ ಹೊಸ ಫೋನು. ಸಿನಿಮಾ ಹುಚ್ಚು ತಲೆಗೇರಿದ ಮೂರನೆಯವನಿಗೆ ಮಾತ್ರ ಬೇಕಾದದ್ದು ಒಂದು ಕ್ಯಾಮೆರಾ.

"ಅಪ್ಪಾ, ಒಂದು ಕ್ಯಾಮೆರಾ ತಗೋತೀನಿ."

"ಫೋನ್ ಐತಲ್ಲಾ ಮಗಾ, ಅದ್ರಲ್ಲಿ ಫೋಟೋ ಬೀಳಲ್ವಾ?"

ಅಪ್ಪನ ಮಾತಿನಲ್ಲೂ ನ್ಯಾಯವಿದೆ, ಮಗನ ಆಸೆಯಲ್ಲೂ ನ್ಯಾಯವಿದೆ. ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು, ಮಂಡಿಯಲ್ಲಿ ಹರಾಜಿಗೆ ಕಾದು ತಂದ ದುಡ್ಡದು. ಅಂಗಡಿಯವನ ಮಾತಿಗೆ ಮರುಳಾಗಿ ಸುರಿಯುವ ದುಡ್ಡಲ್ಲ! ಹಾಗಾಗಿ ಈ ಕೇಸಿನ ವಿಚಾರಣೆಯನ್ನು ಇಲ್ಲೇ ಮಾಡಿಬಿಡೋಣ, ಬನ್ನಿ.

ಕಾರಾಪುರದ ಹುಡುಗ, ಹಾಲಿವುಡ್ಡಿನ ಹೀರೋ

ಕ್ಯಾಮೆರಾ ಕಣ್ಣಿಗೆ ಬಿದ್ದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕೋಟೆ ತಾಲ್ಲೂಕೇ ಸಾಕ್ಷಿ. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು ಗೊತ್ತಲ್ಲ? ರಾಬರ್ಟ್ ಫ್ಲಾಹರ್ಟಿ 'ಎಲಿಫೆಂಟ್ ಬಾಯ್' ಚಿತ್ರಕ್ಕೆ ಹುಡುಗನನ್ನು ಹುಡುಕಿ ಮೈಸೂರಿಗೆ ಬಂದಾಗ, ಈ ಪೋರನನ್ನು ಗುರುತಿಸಿದ್ದು ಕ್ಯಾಮೆರಾಮನ್ ಆಸ್ಮಂಡ್ ಬೊರಾಡೇಲ್ ಎನ್ನುತ್ತಾರೆ. 1937ರಲ್ಲಿ ಚಿತ್ರ ತೆರೆಕಂಡಿತು. 1940ರಲ್ಲಿ 'ಥೀಫ್ ಆಫ್ ಬಾಗ್ದಾದ್', 1942ರಲ್ಲಿ 'ಜಂಗಲ್ ಬುಕ್'. ಕಾರಾಪುರದ ಹುಡುಗ ಲೋಕಕ್ಕೇ ಹೀರೋ ಆಗಿಬಿಟ್ಟ!

ಆದರೆ ಸಾಬು ಓಡಾಡಿದ ಸೀಮೆಯ ಕಥೆ? ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಎದ್ದಿತು. ಖೆಡ್ಡಾ ಬಯಲೂ ಮುಳುಗಿತು, ಊರುಗಳೂ ಮುಳುಗಿದವು. ಖೆಡ್ಡಾದ ಫೋಟೋಗಳು ಬೇಕಾದಷ್ಟಿವೆ. ರಾಜರು, ವೈಸರಾಯ್‌ಗಳು ಬರುತ್ತಿದ್ದರಲ್ಲ! ಮುಳುಗಿದ ಊರಿನ ಜಗಲಿ, ಬಾವಿಕಟ್ಟೆ, ಅಜ್ಜಿ ರಾಗಿ ಬೀಸುತ್ತಿದ್ದ ಮೂಲೆ... ಅದರ ಫೋಟೋ ಯಾರ ಹತ್ತಿರ ಇದೆ?

ದಿನನಿತ್ಯದ ಫೋಟೋಗ್ರಫಿ ಅಂದರೆ ಇದೇ ಸ್ವಾಮಿ. ಮದುವೆ ಆಲ್ಬಂ ಅಲ್ಲ, ಹುಲಿ ಬೇಟೆಯೂ ಅಲ್ಲ. ನಿನ್ನೆ ಇದ್ದದ್ದು ನಾಳೆ ಇರೋದಿಲ್ಲ ಅಂತ ಗೊತ್ತಾಗುವ ಮುಂಚೆಯೇ ಹಿಡಿದಿಡೋದು. ಅದಕ್ಕೆ ಬೇಕಾದದ್ದು ಬೀರುವಿನಲ್ಲಿ ಮಲಗುವ ದೊಡ್ಡ ಕ್ಯಾಮೆರಾ ಅಲ್ಲ, ಜೇಬಿನಲ್ಲಿ ನಡೆದಾಡುವ ಪುಟ್ಟ ಕ್ಯಾಮೆರಾ!

ಜೂಮ್ ಇಲ್ಲ, ಚಿಂತೆಯೂ ಇಲ್ಲ

ಇಂಥ ಪುಟ್ಟ ಕ್ಯಾಮೆರಾಗಳಲ್ಲಿ ಒಂದು ಜಾತಿ ಇದೆ. ಲೆನ್ಸ್ ಬಿಚ್ಚೋ ಹಾಗಿಲ್ಲ, ಜೂಮ್ ಮಾಡೋ ಹಾಗೂ ಇಲ್ಲ. ಒಂಟಿ ಕಣ್ಣು! ಹತ್ತಿರದಿಂದ ಬೇಕೆ? ಎರಡು ಹೆಜ್ಜೆ ಮುಂದಿಡಿ. ಎಲ್ಲರೂ ಫ್ರೇಮಿನಲ್ಲಿ ಬರಬೇಕೆ? ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. (ಹಿಂದೆ ಬಾವಿ ಇದೆಯೋ ನೋಡಿಕೊಂಡು!)

"ಇದೇನು ಗುರುವೇ, ಲಕ್ಷ ಕೊಟ್ಟು ಜೂಮ್ ಇಲ್ಲದ ಕ್ಯಾಮೆರಾನಾ?" ಅಂತೀರಾ? ಜಪಾನಿನ ಮಹಾನ್ ನಿರ್ದೇಶಕ ಯಸುಜಿರೋ ಒಜು ಹೆಚ್ಚೂಕಡಿಮೆ ಎಲ್ಲಕ್ಕೂ ಬಳಸಿದ್ದು 50 ಎಂ.ಎಂ. ಲೆನ್ಸು ಒಂದನ್ನೇ. 1953ರ 'ಟೋಕಿಯೋ ಸ್ಟೋರಿ' ನೋಡಿ. ಒಂದೇ ಕಣ್ಣಲ್ಲಿ ಒಂದು ಸಂಸಾರದ ಕಥೆಯನ್ನೇ ಹೇಳಿ ಅಳಿಸಿಬಿಟ್ಟ! ಒಂದೇ ಲೆನ್ಸಿನಲ್ಲಿ ಪಳಗಿದವನಿಗೆ ಕ್ಯಾಮೆರಾ ಎತ್ತುವ ಮುಂಚೆಯೇ ಯಾವುದು ಒಳಗೆ, ಯಾವುದು ಹೊರಗೆ ಅಂತ ಗೊತ್ತಾಗಿಬಿಡುತ್ತೆ. ನಾಳೆ ಗಾಂಧಿನಗರದಲ್ಲಿ ಕ್ಯಾಮೆರಾಮನ್ ಆಗಬೇಕು ಅನ್ನುವವನಿಗೆ ಇದಕ್ಕಿಂತ ಒಳ್ಳೆಯ ಗರಡಿಮನೆ ಇಲ್ಲ.

ನಮ್ಮೂರ ಕಡೆಗೆ ಇದೇನೂ ಹೊಸದಲ್ಲ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಇತ್ತಲ್ಲ, ಅದೂ ಒಂಟಿ ಕಣ್ಣೇ. 120 ರೋಲು, ಹನ್ನೆರಡು ಚೌಕದ ಚಿತ್ರ, ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಅಷ್ಟೇ! 1980ರ ದಶಕದಲ್ಲಿ ಹಾಟ್‌ಶಾಟ್ ಬಂತು, ಫೋಕಸ್ ಮಾಡುವ ಗೋಜೇ ಇಲ್ಲದ ಯಾಶಿಕಾ ಎಂ.ಎಫ್.-2 ಬಂತು. ಕಪ್ಪು ಬಿಳುಪು ಫಿಲ್ಮಿಗೆ ಪಕ್ಕದ ಊಟಿಯೇ ತವರು. ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ 'ಇಂದು' ಹೆಸರಿನಲ್ಲಿ ತಯಾರಾಗುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ಅದರಲ್ಲಿ ಮೂಡಿದ ಅಜ್ಜಿ ತಾತಂದಿರು ಮಾತ್ರ ಇನ್ನೂ ಗೋಡೆಯ ಮೇಲೆ ನಗುತ್ತಿದ್ದಾರೆ.

28, 35, 40, 50: ಏನಿದು ಮಟ್ಕಾ ನಂಬರ್?

ಅಂಗಡಿಯವನು ಮೊದಲು ಉದುರಿಸುವುದೇ ಈ ಅಂಕಿಗಳನ್ನು. ಹೆದರಬೇಡಿ, ಲೆಕ್ಕ ಸುಲಭ. ಬ್ಯಾರನ್ ಗೋಡೆಯಿಂದ 10 ಅಡಿ ದೂರ ನಿಂತು, ಕ್ಯಾಮೆರಾವನ್ನು ಅಡ್ಡಲಾಗಿ ಹಿಡಿಯಿರಿ.

28 ಎಂ.ಎಂ. ಆದರೆ ಗೋಡೆಯ ಸುಮಾರು 13 ಅಡಿ ಅಗಲ ಕಾಣುತ್ತೆ.
35 ಆದರೆ 10 ಅಡಿ ಚಿಲ್ಲರೆ.
40 ಆದರೆ 9 ಅಡಿ.
50 ಆದರೆ 7 ಅಡಿ ಚಿಲ್ಲರೆ.

ಸಂಖ್ಯೆ ಸಣ್ಣದಾದಷ್ಟೂ ನೋಟ ಅಗಲ. ಬೈಲಕುಪ್ಪೆಯ ಸ್ವರ್ಣಮಂದಿರದ ಒಳಗೆ ಆ ಎತ್ತರದ ಬುದ್ಧನ ಮೂರ್ತಿಗಳು, ಕೆಳಗೆ ಕೂತ ಸನ್ಯಾಸಿಗಳು, ಎಲ್ಲ ಒಟ್ಟಿಗೆ ಬೇಕೆಂದರೆ 28 ವಾಸಿ. ಗಿಜಿಗುಡುವ ಬಸ್‌ಸ್ಟ್ಯಾಂಡು, ಇಕ್ಕಟ್ಟಾದ ಅಡುಗೆಮನೆಗೂ ಅದೇ ಸರಿ. ಆದರೆ ಅದೇ 28 ಹಿಡಿದು ಮುಖದ ಹತ್ತಿರ ಹೋದಿರೋ, ಮೂಗು ದಪ್ಪ, ಕಿವಿ ಸಣ್ಣ! ಅತ್ತೆಮಗಳು ಜನ್ಮದಲ್ಲಿ ಮಾತಾಡಿಸೋದಿಲ್ಲ.

35 ಅಂದರೆ ಪೋಷಕ ನಟನಿದ್ದ ಹಾಗೆ, ಯಾವ ಪಾತ್ರಕ್ಕೂ ಸೈ. ಜನವರಿಯಲ್ಲಿ ಚುಂಚನಕಟ್ಟೆ ದನಗಳ ಜಾತ್ರೆಗೆ ಹೋಗಿ. ಜೋಡೆತ್ತು, ಹಗ್ಗ ಹಿಡಿದ ರೈತ, ಹಿಂದೆ ಒಂದಿಷ್ಟು ಜನ... ಹತ್ತು ಹನ್ನೆರಡು ಅಡಿಯಲ್ಲಿ ನಿಂತರೆ ಇಡೀ ದೃಶ್ಯ ಹದವಾಗಿ ಕೂರುತ್ತೆ. 40, 50 ಆದರೆ ಮನುಷ್ಯರಿಗೆ ಮೀಸಲು. ಬಾಗಿಲಲ್ಲಿ ಕೂತ ಅಜ್ಜಿ, ಎಲೆ ಕಟ್ಟುವ ಕೈಗಳು. ಸುತ್ತಲಿನ ಗದ್ದಲ ಹೊರಗೇ ಉಳಿಯುತ್ತೆ.

ನಿಮಗೆ ಯಾವುದು? ನಿಮ್ಮ ಫೋನಿನಲ್ಲಿರುವ ಹಳೇ ಫೋಟೋಗಳನ್ನೇ ಕೇಳಿ. ಮುಕ್ಕಾಲು ಪಾಲು ಊರು, ಬೀದಿ, ಗುಂಪು ಇದ್ದರೆ 28 ಅಥವಾ 35. ಮುಖಗಳೇ ಹೆಚ್ಚಿದ್ದರೆ 40 ಅಥವಾ 50.

ಬೆಳಕಿದ್ದರೆ ಬದುಕು

ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರನ್ನು ನೆನೆಯದೆ ಬೆಳಕಿನ ಮಾತಾಡುವುದುಂಟೆ? 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಮೇಲಿನಿಂದ ಇಳಿದುಬರುವ ಆ ಬೆಳಕಿನ ಕೋಲು! ದೊಡ್ಡ ಕನ್ನಡಿಗಳಲ್ಲಿ ಹೊರಗಿನ ಬಿಸಿಲನ್ನು ಹಿಡಿದು ಸ್ಟುಡಿಯೋ ಒಳಕ್ಕೆ ತಿರುಗಿಸಿದ ಕೈಚಳಕ ಅದು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಅಂಥದೇ ಬೆಳಕಿನ ಕೋಲು ನಿಮ್ಮ ಹೆಂಚಿನ ಮನೆಯ ಗಾಜಿನ ಹೆಂಚಿನಿಂದ ದಿನಾ ಇಳಿಯುತ್ತೆ, ಒಲೆಯ ಹೊಗೆಯಲ್ಲಿ ನಿಲ್ಲುತ್ತೆ. ಅದನ್ನು ಹಿಡಿಯಲು ಲೆನ್ಸಿನ ಬಾಯಿ ಎಷ್ಟು ಅಗಲ ತೆರೆಯುತ್ತೆ ಅನ್ನೋದು ಮುಖ್ಯ. ಅದೇ ಎಫ್ ಸಂಖ್ಯೆ. ಇಲ್ಲೂ ಸಂಖ್ಯೆ ಸಣ್ಣದಿದ್ದಷ್ಟೂ ಒಳ್ಳೇದು: ಎಫ್ 2.8 ಬಿಡುವ ಬೆಳಕಿನ ಎರಡರಷ್ಟನ್ನು ಎಫ್ 2 ಬಿಡುತ್ತೆ. ರಾತ್ರಿ ಬ್ಯಾರನ್ನಿನ ಒಲೆಯ ಉರಿಯಲ್ಲಿ ಅಪ್ಪನ ಮುಖ ತೆಗೆಯುವಾಗ ಈ ಎರಡರಷ್ಟರ ಬೆಲೆ ಏನು ಅಂತ ತಿಳಿಯುತ್ತೆ.

ಅಖಾಡದಲ್ಲಿ ಯಾರ್ಯಾರು?

ಡಿಜಿಟಲ್ ಅಖಾಡದಲ್ಲಿ ಇಬ್ಬರು ಜಟ್ಟಿಗಳು.

ಮೊದಲನೆಯದು ರಿಕೋ ಜಿ.ಆರ್. 2019ರಲ್ಲಿ ಬಂದ ಜಿ.ಆರ್.-3 ಬರೀ 257 ಗ್ರಾಂ, ಅಂಗಿ ಜೇಬಿಗೇ ಇಳಿಯುತ್ತೆ. 28ರ ನೋಟ, ಎಫ್ 2.8. 2021ರ 3-ಎಕ್ಸ್‌ನಲ್ಲಿ 40ರ ನೋಟ. 2025ರಲ್ಲಿ ಜಿ.ಆರ್.-4 ಬಂದಿದೆ. ಜಪಾನಿನ ಬೀದಿ ಛಾಯಾಗ್ರಾಹಕ ಡೈಡೋ ಮೊರಿಯಾಮಾ ಫಿಲ್ಮ್ ಕಾಲದಿಂದಲೂ ಈ ವಂಶದ ಅಭಿಮಾನಿ. ಕೊರತೆ? ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಜಿ.ಆರ್.-3ರಲ್ಲಿ ಫ್ಲಾಶ್ ಇಲ್ಲ. ಆನ್ ಮಾಡಿದಾಗೆಲ್ಲ ಲೆನ್ಸು ಹೊರಗೆ ಬಂದು ಒಳಗೆ ಹೋಗುವುದರಿಂದ ಧೂಳು ಒಳಸೇರುವ ದೂರು ಹಳೆಯದು. ನಮ್ಮ ಕೆಮ್ಮಣ್ಣಿನ ರಸ್ತೆಗಳಲ್ಲಿ ಇದನ್ನು ಬರಿಮೈಲಿ ಬಿಡಬೇಡಿ, ಒಂದು ಚೀಲ ಹೊಲಿಸಿ.

ಎರಡನೆಯದು ಫ್ಯೂಜಿ ಎಕ್ಸ್-100. ಮೊದಲ ಮಾದರಿ 2011ರಲ್ಲಿ ಮಾರಾಟಕ್ಕೆ ಬಂತು, ಆರನೆಯದು 2024ರಲ್ಲಿ. 35ರ ನೋಟ, ಎಫ್ 2, ಕಿಂಡಿಯೂ ಉಂಟು, ಪುಟ್ಟ ಫ್ಲಾಶೂ ಉಂಟು. ಶಟರ್ ಸದ್ದು ಪಕ್ಕದವನಿಗೂ ಕೇಳಿಸದು. ತೂಕ ಅರ್ಧ ಕಿಲೋ ಮೇಲೆ, ಆದ್ದರಿಂದ ಜೇಬಿಗಲ್ಲ, ಕೊರಳಿಗೆ. ಇದರ ಕ್ರೇಜು ಹೇಗಿತ್ತೆಂದರೆ ಐದನೇ ಮಾದರಿಗೆ ಜನ ತಿಂಗಳುಗಟ್ಟಲೆ ಕಾದರು, ಬ್ಲಾಕ್ ಟಿಕೆಟ್ಟಿನ ಹಾಗೆ ಹಳೆಯದನ್ನೇ ಹೊಸದಕ್ಕಿಂತ ಹೆಚ್ಚು ಬೆಲೆಗೆ ಮಾರಿದರು! ಹೊಸ ಆರನೆಯದಂತೂ ಲಕ್ಷ ದಾಟುತ್ತೆ.

ಫಿಲ್ಮಿನ ಗೀಳಿದ್ದವರಿಗೆ ಹಳೇ ಹುಲಿಗಳಿವೆ. 1967ರ ಒಲಿಂಪಸ್ ಟ್ರಿಪ್ 35ಕ್ಕೆ ಬ್ಯಾಟರಿಯೇ ಬೇಡ. ಲೆನ್ಸಿನ ಸುತ್ತಲ ಗಾಜಿನ ಬಳೆಯೇ ಬೆಳಕು ಅಳೆಯುತ್ತೆ. 1966ರ ಯಾಶಿಕಾ ಎಲೆಕ್ಟ್ರೋ 35ರ ಲೆನ್ಸು ಎಫ್ 1.7, ಆದರೆ ಅದರ ಮೂಲ ಬ್ಯಾಟರಿ ಈಗ ಬರೋದಿಲ್ಲ, ಬದಲಿ ಹೊಂದಿಸಬೇಕು. ಒಂದು ರೋಲಿಗೆ ನೂರಾರು ರೂಪಾಯಿ, ತೊಳೆಸಿ ಸ್ಕ್ಯಾನ್ ಮಾಡಿಸಲು ಮತ್ತೆ ಖರ್ಚು. ಇಪ್ಪತ್ತು ರೋಲಿನ ಲೆಕ್ಕ ಹಾಕಿ ನೋಡಿ, ಆಮೇಲೆ ಕೈ ಹಾಕಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಹುಷಾರ್!

ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಮುಟ್ಟಬೇಡಿ. ಟ್ರಿಪ್ 35 ಆದರೆ, ಬೆಳಕಿಗೆ ಬಿಡುವ ಗುರುತಿನಲ್ಲಿಟ್ಟು, ಲೆನ್ಸನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಬಟನ್ ಒತ್ತಿ. ಕಿಂಡಿಯೊಳಗೆ ಕೆಂಪು ಬಾವುಟ ಎದ್ದು ಶಟರ್ ನಿಂತರೆ ಪಾಸ್! ಡಿಜಿಟಲ್ ಆದರೆ ಬಿಳೀ ಗೋಡೆಯನ್ನು ಎಫ್ 16ರಲ್ಲಿ ತೆಗೆದು ದೊಡ್ಡದು ಮಾಡಿ ನೋಡಿ. ಕರಿ ಚುಕ್ಕೆ ಕಂಡರೆ ಒಳಗೆ ಧೂಳಿದೆ. ಬಿಲ್ಲಿಲ್ಲದ ಮಾಲು ಬೇಡವೇ ಬೇಡ. ಕದ್ದ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಪೊಲೀಸ್ ಸ್ಟೇಷನ್ನಿನಲ್ಲೇ ಪ್ರದರ್ಶನವಾದೀತು!

ಆನೆ ಮುಂದೆ ಹೀರೋಗಿರಿ ಬೇಡ

1973ರ 'ಗಂಧದ ಗುಡಿ' ನೋಡಿ ಬೆಳೆದ ಮನೆಗಳ ಹುಡುಗರು ನಾವು, ಕಾಡು ಅಂದರೆ ಮೈ ಜುಮ್ ಅನ್ನುತ್ತೆ. ಆದರೆ ನಾಗರಹೊಳೆ, ಕಬಿನಿ ಹಿನ್ನೀರಿನ ಹುಲಿ ಆನೆಗೆ ಈ ಒಂಟಿ ಕಣ್ಣು ಆಗಿಬರೋದಿಲ್ಲ. ದೂರದ ಆನೆ ಚಿತ್ರದಲ್ಲಿ ಇರುವೆ ಆಗುತ್ತೆ. ಹತ್ತಿರ ಹೋದರೆ ನೀವೇ ಚಿತ್ರಪಟವಾಗಿ ಗೋಡೆ ಸೇರುತ್ತೀರಿ, ಹಾರದ ಸಮೇತ! ವನ್ಯಜೀವಿಯೇ ಗುರಿಯಾದರೆ ಲೆನ್ಸು ಬದಲಿಸುವ ಕ್ಯಾಮೆರಾಗೆ ಹೋಗಿ, ಇದಕ್ಕೆ ದುಡ್ಡು ಹಾಕಲೇಬೇಡಿ.

ಇನ್ನೊಂದು ಮಾತು. ಜೇನುಕುರುಬರ ಹಾಡಿಗೆ ಹೋದಾಗ, ಜಾತ್ರೆಯಲ್ಲಿ ಹೆಂಗಸರ ಮುಂದೆ, ಕ್ಯಾಮೆರಾ ಎತ್ತುವ ಮೊದಲು ಬಾಯಿ ತೆರೆದು ಕೇಳಿ. "ಒಂದು ಫೋಟೋ ತಗೊಳ್ಲಾ ಅಕ್ಕಾ?" ಬೇಡ ಅಂದರೆ ಕೈಮುಗಿದು ಬನ್ನಿ. ಹೂಂ ಅಂದರೆ ಮುಂದಿನ ಸಲ ಪ್ರಿಂಟ್ ಒಯ್ದು ಕೊಡಿ.

ತೀರ್ಪು

ಮೈಸೂರಿನ ಟಿ.ಎಸ್. ಸತ್ಯನ್ ಅವರ ಹೆಸರು ಕೇಳಿದ್ದೀರಲ್ಲ? 1977ರಲ್ಲಿ ಪದ್ಮಶ್ರೀ, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ. ಅವರನ್ನು ಅಲ್ಲಿಗೆ ಮುಟ್ಟಿಸಿದ್ದು ಫಿಲಂ ತಾರೆಯರಲ್ಲ, ಬೀದಿಯ ಸಾಮಾನ್ಯ ಜನ, ಆಡುವ ಮಕ್ಕಳು. ಅಂಥ ಮಕ್ಕಳು ನಿಮ್ಮ ಬೀದಿಯಲ್ಲೂ ಇದ್ದಾರೆ.

ಹಾಗಾಗಿ ಕೇಸಿನ ತೀರ್ಪು ಹೀಗೆ. ಮೊದಲ ಒಂದು ತಿಂಗಳು ಅಪ್ಪನದೇ ಗೆಲುವು! ಫೋನಿನ ಮುಖ್ಯ ಲೆನ್ಸು ಒಂದನ್ನೇ ಬಳಸಿ. ಅದೂ ಸುಮಾರು 26ರ ನೋಟದ ಒಂಟಿ ಕಣ್ಣೇ. ಜೂಮ್ ಮುಟ್ಟಕೂಡದು. ದಿನಕ್ಕೆ ಹನ್ನೆರಡೇ ಫೋಟೋ, ಕ್ಲಿಕ್-3ರ ರೋಲಿನ ಹಾಗೆ. ತಿಂಗಳ ಕೊನೆಗೆ ಒಳ್ಳೆಯ ಹತ್ತನ್ನು ಆರಿಸಿ ಪ್ರಿಂಟ್ ಹಾಕಿಸಿ, ಮನೆಯವರ ಮುಂದಿಡಿ. ಹತ್ತು ದಿನಕ್ಕೇ ಬೇಸರ ಬಂತೋ? ಲಕ್ಷ ಉಳಿಯಿತು, ಬೈಕಿಗೆ ಕೊಡಿ.

ತಿಂಗಳಾದ ಮೇಲೂ ಕೈ ತುರಿಸುತ್ತಿದ್ದರೆ, ಕತ್ತಲಲ್ಲಿ ಫೋನು ಸೋತ ಜಾಗ ಯಾವುದೆಂದು ನಿಮಗೇ ಗೊತ್ತಾಗಿದ್ದರೆ, ಆಗ ಮಗನ ಗೆಲುವು. ಜೇಬು, ಬೀದಿ, ಓಡಾಟ ಅನ್ನುವವನಿಗೆ ರಿಕೋ. ಮನೆ, ಮುಖ, ಮುಸ್ಸಂಜೆ ಅನ್ನುವವನಿಗೆ ಫ್ಯೂಜಿ. ಸಾಲ ಮಾತ್ರ ಬೇಡ. ಒಂದೆರಡು ತಲೆಮಾರು ಹಿಂದಿನ ಮಾದರಿಯನ್ನು ಬಿಲ್ಲು ಸಮೇತ ಕೊಂಡರೂ ಚಿತ್ರಕ್ಕೆ ಏನೂ ಕಮ್ಮಿಯಿಲ್ಲ.

ಕ್ಯಾಮೆರಾ ಬಂದ ದಿನ ಮೊದಲ ಕ್ಲಿಕ್ ಯಾರದ್ದು ಅಂತ ಯೋಚನೆಯೇ? ನಿಮ್ಮ ನೆಚ್ಚಿನ ನಟನಿಗೆ ಫೋಟೋ ತೆಗೆಯುವವರು ಸಾವಿರ ಜನ ಇದ್ದಾರೆ. ದುಡ್ಡು ಕೊಟ್ಟ ಅಪ್ಪನಿಗೆ, ಗೆಳೆಯಾ, ನೀವೊಬ್ಬರೇ!