ನಡುರಾತ್ರಿಯ ಕರೆ: ರಾಯಭಾರಿ ಪಣಿಕ್ಕರ್

ಸರ್ದಾರ್ ಕೆ. ಎಂ. ಪಣಿಕ್ಕರ್ ಅವರ ಹೆಸರು ಕೇಳಿದೊಡನೆ ಕಾಸರಗೋಡಿನವರಾದ ನಮಗೆ ನೆನಪಾಗುವುದು ರಾಜ್ಯ ಪುನರ್ವಿಂಗಡಣಾ ಆಯೋಗ. ಫಜಲ್ ಆಲಿ, ಹೃದಯನಾಥ ಕುಂಜ್ರು ಹಾಗೂ ಪಣಿಕ್ಕರ್, ಈ ಮೂವರು 1955ರ ಸೆಪ್ಟೆಂಬರ್ 30ರಂದು ಒಪ್ಪಿಸಿದ ವರದಿಯೇ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಲು ಸೂಚಿಸಿತು. ಮೂವರಲ್ಲೊಬ್ಬರು ಮಲೆಯಾಳಿಗಳೆಂಬ ಮಾತನ್ನು ನಮ್ಮ ಹಿರಿಯರು ಮರೆಯಲಿಲ್ಲ. ಆ ಶಿಫಾರಸನ್ನು ನಾವು ಇಂದಿಗೂ ಒಪ್ಪಲಾರೆವು. ಆದರೆ ಮೂವರು ಸಹಿಮಾಡಿದ ವರದಿಯನ್ನು ಒಬ್ಬರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಅದಿರಲಿ, ಆಯೋಗಕ್ಕೆ ಬರುವ ಮುನ್ನ ಈ ಮನುಷ್ಯರು ಹೊತ್ತಿದ್ದ ಹೊಣೆ ಎಂತಹದೆಂಬುದನ್ನು ನಮ್ಮ ಮನೆಗಳಲ್ಲಿ ಬಲ್ಲವರು ಕಡಮೆ.

ತಿರುವಾಂಕೂರಿನ ಕಾವಾಲಂ ಎಂಬಲ್ಲಿ 1895ರಲ್ಲಿ ಹುಟ್ಟಿದ ಪಣಿಕ್ಕರ್ ಆಕ್ಸ್‌ಫರ್ಡಿನಲ್ಲಿ ಇತಿಹಾಸವನ್ನು ಓದಿದರು. ಆಲಿಗಢದಲ್ಲಿ ಅಧ್ಯಾಪನ, ದಿಲ್ಲಿಯಲ್ಲಿ ಪತ್ರಿಕಾ ಸಂಪಾದನೆ, ಪಟಿಯಾಲಾ ಸಂಸ್ಥಾನದ ಸೇವೆ, ಬಿಕಾನೇರಿನ ದಿವಾನಗಿರಿ ಇವೆಲ್ಲವೂ ಆದವು. 1948ರಲ್ಲಿ ನೆಹರೂ ಅವರು ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದರು.

ಅವರು ಹೋದುದು ಚಿಯಾಂಗ್ ಕೈ ಷೇಕರ ನಾನ್‌ಕಿಂಗಿಗೆ. ಸುಮಾರು ಒಂದು ವರುಷದಲ್ಲಿ ಆ ನಗರವು ಕಮ್ಯೂನಿಸ್ಟರ ಕೈಸೇರಿತು. 1949ರ ಡಿಸೆಂಬರ್ 30ರಂದು ಭಾರತವು ಹೊಸ ಸರಕಾರಕ್ಕೆ ಮನ್ನಣೆಯಿತ್ತಿತು. 1950ರ ಮೇ ತಿಂಗಳಲ್ಲಿ ಪಣಿಕ್ಕರ್ ಪೀಕಿಂಗಿನಲ್ಲಿ ಮಾವೋ ಅವರಿಗೆ ಅಧಿಕಾರಪತ್ರವನ್ನು ಒಪ್ಪಿಸಿದರು. ಒಂದೇ ದೇಶದಲ್ಲಿ ಎರಡು ಆಡಳಿತಗಳೆದುರು ರಾಯಭಾರ ನಡೆಸುವ ಪ್ರಸಂಗ ಎಲ್ಲರಿಗೂ ಒದಗುವುದಲ್ಲ.

ಮರುತಿಂಗಳೇ ಕೊರಿಯಾದಲ್ಲಿ ಯುದ್ಧ ಹೊತ್ತಿಕೊಂಡಿತು. ಅಕ್ಟೋಬರಿನ ಹೊತ್ತಿಗೆ ಅಮೆರಿಕದ ನೇತೃತ್ವದ ಸೇನೆ 38ನೆಯ ಅಕ್ಷಾಂಶದ ಗಡಿಗೆ ಬಂದು ನಿಂತಿತ್ತು. ಅಕ್ಟೋಬರ್ 2ರ ನಡುರಾತ್ರಿ ನಿದ್ರೆಯಲ್ಲಿದ್ದ ಪಣಿಕ್ಕರರನ್ನು ಎಬ್ಬಿಸಲಾಯಿತು. ಪ್ರಧಾನಿ ಚೌ ಎನ್ ಲಾಯ್ ಒಡನೆಯೇ ಬರಹೇಳಿದ್ದರು. ಚೌ ಅವರ ಮಾತು ಸ್ಪಷ್ಟವಾಗಿತ್ತು: ದಕ್ಷಿಣ ಕೊರಿಯನ್ನರು ಮಾತ್ರ ಗಡಿ ದಾಟಿದರೆ ಚಿಂತೆಯಿಲ್ಲ, ಅಮೆರಿಕನ್ನರು ದಾಟಿದರೆ ಚೀನಾ ಸುಮ್ಮನಿರದು. ಅಮೆರಿಕಕ್ಕೂ ಹೊಸ ಚೀನಾಕ್ಕೂ ಅಂದು ರಾಯಭಾರ ಸಂಬಂಧವಿರಲಿಲ್ಲ. ಆದುದರಿಂದಲೇ ಭಾರತದ ಬಾಯಿಂದ ಆ ಎಚ್ಚರಿಕೆ ಹೋಗಬೇಕಾಗಿತ್ತು. ರಾತ್ರಿಯೇ ದಿಲ್ಲಿಗೆ ತಂತಿ ಹೋಯಿತು. ಅಲ್ಲಿಂದ ಲಂಡನ್ನಿಗೂ ವಾಷಿಂಗ್‌ಟನ್ನಿಗೂ ಸುದ್ದಿ ಮುಟ್ಟಿತು.

ವಾಷಿಂಗ್‌ಟನ್ ನಂಬಲಿಲ್ಲ. ಪಣಿಕ್ಕರ್ ಚೀನೀಯರ ಪರ ಒಲಿದವರೆಂಬ ಅಭಿಪ್ರಾಯ ಅಲ್ಲಿ ಬೇರೂರಿತ್ತು. ಸೇನೆ ಗಡಿ ದಾಟಿತು. ಅಕ್ಟೋಬರ್ 19ರಂದು ಚೀನೀ ಪಡೆಗಳು ಯಾಲೂ ನದಿಯನ್ನು ದಾಟತೊಡಗಿದವು. ಕದನವಿರಾಮವಾದುದು 1953ರ ಜುಲೈ 27ರಂದು. ರಾಯಭಾರಿಯ ಕೈಯಲ್ಲಿ ಸೈನ್ಯವಿಲ್ಲ, ಹಣವಿಲ್ಲ, ಇರುವುದೆಲ್ಲ ಮಾತು. ಅದನ್ನು ಆಡುವವನ ಬಗೆಗಿನ ಶಂಕೆಯಿಂದ ಮಾತಿನ ಸತ್ಯವೂ ಬೆಲೆಗೆಟ್ಟುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನಮಗೆ ತೋರದು.

ಹಾಗೆಂದು ಶಂಕೆಗೆ ಆಸ್ಪದವೇ ಇರಲಿಲ್ಲವೆನ್ನಲಾಗದು. ಅದೇ ಅಕ್ಟೋಬರಿನಲ್ಲಿ ಚೀನೀ ಸೇನೆ ಟಿಬೆಟ್ಟನ್ನು ಹೊಕ್ಕಿತು. ನವೆಂಬರ್ 7ರಂದು ನೆಹರೂ ಅವರಿಗೆ ಬರೆದ ಪತ್ರದಲ್ಲಿ ಸರ್ದಾರ್ ಪಟೇಲರು, ಚೀನಾದ ನಡೆಗೆ ನಮ್ಮ ರಾಯಭಾರಿಯೇ ಸಮರ್ಥನೆ ಹುಡುಕುತ್ತಿರುವರೆಂದು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿತ್ತೆಂದೇ ನಾವು ಭಾವಿಸುತ್ತೇವೆ. ಕೊರಿಯಾದ ವಿಷಯದಲ್ಲಿ ಸರಿಯಾಗಿ ಕೇಳಿಸಿಕೊಂಡ ಕಿವಿಗೆ ಟಿಬೆಟ್ಟಿನ ಸದ್ದು ತಿಳಿಯದೆಹೋಯಿತು.

ಬಳಿಕ ಅವರು ಈಜಿಪ್ಟಿನಲ್ಲಿಯೂ, ಆಯೋಗದ ಕೆಲಸ ಮುಗಿದ ಮೇಲೆ ಫ್ರಾನ್ಸಿನಲ್ಲಿಯೂ ರಾಯಭಾರಿಯಾಗಿದ್ದರು. ಚೀನಾದ ಅನುಭವವನ್ನು ‘ಇನ್ ಟೂ ಚೈನಾಸ್’ ಎಂಬ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಚೌ ಅವರೊಡನೆ ನಡೆದ ಆ ರಾತ್ರಿಯ ಭೇಟಿಯ ವೃತ್ತಾಂತವೂ ಅದರಲ್ಲಿದೆ. ಕಡೆಗೆ ಅವರು ಬಂದುದು ಕನ್ನಡನಾಡಿಗೆ, ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ. 1963ರ ಡಿಸೆಂಬರ್ 10ರಂದು ಮೈಸೂರಿನಲ್ಲಿಯೇ ತೀರಿಕೊಂಡರು. ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ ಹೇಳಿದುದು ಅನಂತರ, 1967ರಲ್ಲಿ.